ಹಾಡುವವರು ಬರುವ ಮೊದಲೇ ಮುಗಿಯಬೇಕಾದ ಕೆಲಸ: ಸಾಮೂಹಿಕ ಗೀತೆ ಕಟ್ಟುವ ಬಗೆ

ಎಲ್ಲರೂ ಸೇರಿ ಒಂದು ಹಾಡು ಮಾಡೋಣ ಅಂದ ತಕ್ಷಣ ಎಲ್ಲ ಕಡೆ ಮೊದಲು ಶುರುವಾಗುವುದು ಹೆಸರಿನ ಪಟ್ಟಿ. ಅವರನ್ನು ಕರೆದರೆ ಇವರಿಗೆ ಮುನಿಸು, ಇವರನ್ನು ಬಿಟ್ಟರೆ ಸಂಘದ ಅಧ್ಯಕ್ಷರಿಗೆ ಮುನಿಸು. ಪಟ್ಟಿ ಐವತ್ತು ದಾಟುವ ಹೊತ್ತಿಗೂ ಹಾಡಿಗೆ ಟ್ಯೂನ್ ಹುಟ್ಟಿರುವುದಿಲ್ಲ, ಸಾಹಿತ್ಯ ಯಾರದ್ದೋ ಫೋನಿನಲ್ಲಿ ಅರ್ಧಕ್ಕೆ ನಿಂತಿರುತ್ತದೆ. ನನ್ನ ಮಟ್ಟಿಗೆ ಪಟ್ಟಿ ಕೊನೆಗೆ ಬರಬೇಕಾದದ್ದು. ಭರವಸೆ, ಒಗ್ಗಟ್ಟು ಎನ್ನುವಂಥ ವಿಷಯದ ಮೇಲೆ ಹತ್ತಾರು ಜನ ಹಾಡುವ ಗೀತೆ ಗೆಲ್ಲುವುದೋ ಸೋಲುವುದೋ ಎಂಬುದು ಮೈಕಿನ ಮುಂದೆ ತೀರ್ಮಾನವಾಗುವುದಿಲ್ಲ. ಅವರು ಸ್ಟುಡಿಯೋ ಬಾಗಿಲು ತೆಗೆಯುವ ಮುಂಚೆಯೇ ತೀರ್ಮಾನವಾಗಿರುತ್ತದೆ.

ಇದಕ್ಕೆ ಅತಿ ಒಳ್ಳೆಯ ಪಾಠ ಆಫ್ರಿಕಾದ ಬರಗಾಲದ ನೆರವಿಗೆಂದು ಅಮೆರಿಕದ ಗಾಯಕರು ಸೇರಿ ಹಾಡಿದ 1985ರ ‘ವಿ ಆರ್ ದ ವರ್ಲ್ಡ್’. ಜನವರಿ 28ರ ರಾತ್ರಿ ಹಾಲಿವುಡ್‌ನ ಎ ಅಂಡ್ ಎಂ ಸ್ಟುಡಿಯೋದಲ್ಲಿ ನಲವತ್ತಕ್ಕೂ ಹೆಚ್ಚು ಗಾಯಕರು ಸೇರಿದರು. ಅಮೆರಿಕನ್ ಮ್ಯೂಸಿಕ್ ಅವಾರ್ಡ್ಸ್ ಸಮಾರಂಭಕ್ಕೆ ಬಹುಪಾಲು ಜನ ಹೇಗೂ ಊರಿಗೆ ಬಂದಿರುತ್ತಾರೆ ಎಂಬ ಲೆಕ್ಕದಲ್ಲೇ ಆ ದಿನ ಗೊತ್ತಾದದ್ದು. ಒಂದೇ ರಾತ್ರಿಯಲ್ಲಿ ಧ್ವನಿಮುದ್ರಣ ಮುಗಿಯಿತು ಎಂದು ಈಗಲೂ ಎಲ್ಲರೂ ಬೆರಗಿನಿಂದ ಹೇಳುತ್ತಾರೆ. ಆದರೆ ಆ ರಾತ್ರಿಗೆ ಮುಂಚಿನ ವಾರವನ್ನು ನೋಡಿ. ಮೈಕಲ್ ಜಾಕ್ಸನ್ ಮತ್ತು ಲಯನೆಲ್ ರಿಚಿ ಹಾಡು ಬರೆದು ಮುಗಿಸಿ, ಜನವರಿ 22ರಂದು ಬೇರೊಂದು ಸ್ಟುಡಿಯೋದಲ್ಲಿ ಡ್ರಮ್ಸ್, ಬೇಸ್, ಕೀಬೋರ್ಡ್ ಕೂರಿಸಿ, ತಮ್ಮದೇ ದನಿಯಲ್ಲಿ ಮಾದರಿ ಹಾಡಿಟ್ಟಿದ್ದರು. ಅದರ ಕ್ಯಾಸೆಟ್‌ಗಳು ನಿರ್ಮಾಪಕ ಕ್ವಿನ್ಸಿ ಜೋನ್ಸ್ ಬರೆದ ಪತ್ರದ ಜೊತೆ ಗಾಯಕರ ಕೈ ಸೇರಿದ್ದವು. ಯಾವ ಸಾಲು ಯಾರದ್ದು ಎಂಬುದು ಕಾಗದದ ಮೇಲಿತ್ತು. ನೆಲದ ಮೇಲೆ ಟೇಪ್ ಅಂಟಿಸಿ, ಯಾರು ಎಲ್ಲಿ ನಿಲ್ಲಬೇಕು ಎಂದು ಹೆಸರು ಬರೆದಿದ್ದರು.

ನಿಮ್ಮ ಕಾಲೇಜಿನ ಹಾಡಾಗಲಿ, ದುಬೈನ ಕನ್ನಡ ಸಂಘದ ರಾಜ್ಯೋತ್ಸವ ಗೀತೆಯಾಗಲಿ, ಕೆಲಸದ ಕ್ರಮ ಇದೇ.

ಹಾಡು ಯಾತಕ್ಕೆ ಎಂದು ಒಂದು ವಾಕ್ಯದಲ್ಲಿ ಬರೆಯಿರಿ

‘ಭರವಸೆ’ ಒಂದು ವಿಷಯವೇ ಅಲ್ಲ, ಅದು ಗಾಳಿ. ಯಾರಿಗೆ ಭರವಸೆ, ಯಾವ ಕಷ್ಟದ ನಡುವೆ, ಕೇಳಿದವರು ಏನು ಮಾಡಬೇಕು? ಇದಕ್ಕೆ ಉತ್ತರ ಸಿಗುವವರೆಗೆ ಪೆನ್ನು ಹಿಡಿಯಬೇಡಿ. 1984ರ ಅಕ್ಟೋಬರ್‌ನಲ್ಲಿ ಇಥಿಯೋಪಿಯಾದ ಬರಗಾಲದ ಬಗ್ಗೆ ಬಿಬಿಸಿ ವರದಿ ನೋಡಿದ ಗಾಯಕ ಬಾಬ್ ಗೆಲ್ಡಾಫ್, ಇನ್ನೊಬ್ಬ ಗಾಯಕ ಮಿಜ್ ಯೂರ್ ಜೊತೆ ಸೇರಿ ಲಂಡನ್ನಿನಲ್ಲಿ ನವೆಂಬರ್ 25ಕ್ಕೆ ಬ್ರಿಟನ್, ಐರ್ಲೆಂಡಿನ ಗಾಯಕರನ್ನು ಕೂಡಿಸಿ ‘ಬ್ಯಾಂಡ್ ಏಡ್’ ಹಾಡು ಮಾಡಿದರು. ಒಂದೇ ತಿಂಗಳಲ್ಲಿ ಅದು ಸಾಧ್ಯವಾದದ್ದು ಉದ್ದೇಶ ಅಷ್ಟು ಖಚಿತವಾಗಿದ್ದುದರಿಂದ: ಈ ಗ್ರಾಮಫೋನ್ ತಟ್ಟೆ ಕೊಳ್ಳಿ, ಆ ಹಣ ಬರಗಾಲಕ್ಕೆ ಹೋಗುತ್ತದೆ.

ಅದೇ ಹಾಡು ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಅಲ್ಲಿನ ಜನರಿಗೆ ಕ್ರಿಸ್‌ಮಸ್ ಬಂದಿದೆ ಎಂದಾದರೂ ಗೊತ್ತೇ ಎಂದು ಆ ಹಾಡಿನ ಶೀರ್ಷಿಕೆಯೇ ಕೇಳುತ್ತದೆ. ನಾಲ್ಕನೆಯ ಶತಮಾನದಿಂದಲೇ ಕ್ರೈಸ್ತಧರ್ಮ ಬೇರೂರಿರುವ ದೇಶದ ಬಗ್ಗೆ ಈ ಪ್ರಶ್ನೆ! ಟೀಕೆ ಇಂದಿಗೂ ನಿಂತಿಲ್ಲ. ನೆರವಿನ ಹಾಡು ಬರೆಯುವಾಗ ‘ಪಾಪ, ಅವರು’ ಎಂಬ ಧಾಟಿ ನುಸುಳುವುದು ಬಲು ಸುಲಭ. ಕೊಡಗಿನ ಭೂಕುಸಿತದ ಸಂತ್ರಸ್ತರಿಗಾಗಿ ಹಾಡು ಕಟ್ಟುತ್ತಿದ್ದರೆ ಸಾಹಿತ್ಯವನ್ನು ಮೊದಲು ಕೊಡಗಿನ ಒಬ್ಬರಿಗೆ ತೋರಿಸಿ. ಅವರು ಹುಬ್ಬು ಗಂಟಿಕ್ಕಿದ ಸಾಲನ್ನು ವಾದಿಸದೆ ಹೊಡೆದುಹಾಕಿ.

ಸಾಹಿತ್ಯ: ಒಂದೇ ಚಿತ್ರ, ತೆರೆದ ಬಾಯಿ

ಒಗ್ಗಟ್ಟಿನ ಹಾಡಿನಲ್ಲಿ ‘ಒಗ್ಗಟ್ಟು’ ಎಂಬ ಪದ ಇದ್ದರೆ ನನಗೆ ಅನುಮಾನ ಶುರುವಾಗುತ್ತದೆ. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಬಂದ ‘ಮಿಲೇ ಸುರ್ ಮೇರಾ ತುಮ್ಹಾರಾ’ ಇಡೀ ದೇಶದ ಬಾಯಲ್ಲಿ ಉಳಿದದ್ದು ಹೇಗೆ? ಅದರ ಕೈಯಲ್ಲಿದ್ದದ್ದು ಒಂದೇ ಚಿತ್ರ: ನನ್ನ ಸ್ವರ, ನಿನ್ನ ಸ್ವರ ಕೂಡಿದರೆ ನಮ್ಮ ಸ್ವರ. ಹದಿನಾಲ್ಕು ಭಾಷೆಗಳಿಗೆ ಹೋದರೂ ಆ ಚಿತ್ರ ಬದಲಾಗಲಿಲ್ಲ. ನಮ್ಮ ಗದಗ ಸೀಮೆಯ ಭೀಮಸೇನ ಜೋಶಿಯವರು ಭೈರವಿಯಲ್ಲಿ ಎತ್ತಿಕೊಟ್ಟ ಆ ಸಾಲು ಎಲ್ಲೆಲ್ಲಿ ತಿರುಗಿದರೂ ಮನೆಗೆ ಮರಳುತ್ತದೆ. ನಿಮ್ಮ ಹಾಡಿಗೂ ಒಂದೇ ಚಿತ್ರ ಸಾಕು. ದೀಪ, ಸೇತುವೆ, ಕಾಮನಬಿಲ್ಲು, ಹಕ್ಕಿ, ಕಡಲು ಎಲ್ಲವನ್ನೂ ಒಂದೇ ಚರಣದಲ್ಲಿ ತುರುಕಿದರೆ ಕೇಳುವವರಿಗೆ ಯಾವುದೂ ಉಳಿಯುವುದಿಲ್ಲ.

ಇನ್ನು ಉಚ್ಚಾರ. ಇದು ಕವಿಗಳು ಮರೆಯುವ, ಕೋರಸ್‌ನವರು ಅನುಭವಿಸುವ ವಿಷಯ. ಮೂವತ್ತು ಜನ ಒಟ್ಟಿಗೆ ‘ದೃಢಸಂಕಲ್ಪ’ ಎಂದು ಹಾಡಿದರೆ ಕೇಳುವುದು ಬರೀ ಗುಜುಗುಜು. ಒತ್ತಕ್ಷರ ಒಬ್ಬೊಬ್ಬರ ನಾಲಿಗೆಯಲ್ಲಿ ಒಂದೊಂದು ಕ್ಷಣಕ್ಕೆ ಬೀಳುತ್ತದೆ. ಪಲ್ಲವಿಯಲ್ಲಿ ಸಣ್ಣ ಪದಗಳಿರಲಿ, ಒತ್ತಕ್ಷರ ಆದಷ್ಟು ಕಡಿಮೆ ಇರಲಿ. ಸ್ವರ ಮೇಲೇರುವ ಕಡೆ, ಎಳೆಯುವ ಕಡೆ ‘ಆ’ ಅಥವಾ ‘ಓ’ ಬರುವಂತೆ ನೋಡಿಕೊಳ್ಳಿ. ‘ಬಾ’, ‘ನಾಳೆ’, ‘ದಾರಿ’, ‘ಓ ಗೆಳೆಯ’ ಇವೆಲ್ಲ ಬಾಯಿ ತೆರೆಸುವ ಪದಗಳು. ‘ನಾವು’, ‘ಬೆಳಕು’ ಎಂದು ಸಾಲು ಮುಗಿದರೆ ಕೊನೆಯ ‘ಉ’ ಮೇಲೆ ಯಾರೂ ನಿಲ್ಲಲಾರರು, ತುಟಿ ಮುಚ್ಚಿಕೊಳ್ಳುತ್ತದೆ, ಹಾಡು ಅಲ್ಲೇ ಕುಸಿಯುತ್ತದೆ. ನಮ್ಮ ಭಾಷೆಯ ಪದಗಳು ಬಹುತೇಕ ಸ್ವರದಲ್ಲೇ ಮುಗಿಯುತ್ತವೆ ಎಂಬುದು ಕೋರಸ್‌ಗೆ ಸಿಕ್ಕ ದೊಡ್ಡ ವರ. ಅದನ್ನು ಬಳಸಿಕೊಳ್ಳಿ.

ಬೇರೆ ಭಾಷೆಯ ಸಾಲು ಸೇರಿಸುವ ಆಸೆ ಇದ್ದರೆ ಆ ಚರ್ಚೆ ಮೇಜಿನ ಮುಂದೆಯೇ ಮುಗಿಯಲಿ. 1985ರ ಆ ರಾತ್ರಿ ಸ್ಟೀವಿ ವಂಡರ್ ಒಂದು ಸಾಲು ಸ್ವಾಹಿಲಿಯಲ್ಲಿರಲಿ ಎಂದರು. ಇಥಿಯೋಪಿಯಾದಲ್ಲಿ ಸ್ವಾಹಿಲಿ ಆಡುವುದಿಲ್ಲವಲ್ಲ ಎಂದು ಇನ್ನೊಬ್ಬರು. ಕಂಟ್ರಿ ಗಾಯಕ ವೇಲನ್ ಜೆನ್ನಿಂಗ್ಸ್ ಎದ್ದು ಹೊರಟೇಹೋದರು. ದುಡ್ಡು ಕೊಟ್ಟರೂ ಒಟ್ಟಿಗೆ ಸಿಗದ ನಲವತ್ತು ಗಾಯಕರು ನಿಂತುಕೊಂಡು ಒಂದು ಸಾಲಿನ ಬಗ್ಗೆ ವಾದಿಸುತ್ತಿದ್ದರು. ಅಷ್ಟೊಂದು ತಯಾರಿಯಿದ್ದ ರಾತ್ರಿಯಲ್ಲೂ ತೆರೆದು ಬಿಟ್ಟಿದ್ದ ಒಂದು ಕಿಂಡಿಯಿಂದ ಆದ ಅವಾಂತರ ಅದು. ತುಳು, ಕೊಂಕಣಿ, ಬ್ಯಾರಿ ಸಾಲುಗಳನ್ನು ಸೇರಿಸುವವರು ಆ ಭಾಷೆ ಮನೆಯಲ್ಲಿ ಆಡುವವರಿಂದಲೇ ಬರೆಸಿ, ಅವರಿಂದಲೇ ಹಾಡಿಸಿ.

ಶ್ರುತಿ: ಎಲ್ಲ ಜಗಳದ ಮೂಲ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಏಕೆಂದರೆ ಹವ್ಯಾಸಿ ತಂಡಗಳ ಬಹುಪಾಲು ಹಾಡುಗಳು ಕೆಡುವುದು ಇಲ್ಲೇ.

ನಮ್ಮಲ್ಲಿ ಗಂಡಸರು ಸಾಮಾನ್ಯವಾಗಿ ಒಂದು ಅಥವಾ ಎರಡನೇ ಮನೆ ಶ್ರುತಿಗೆ ಹಾಡುತ್ತಾರೆ, ಹೆಂಗಸರು ಐದು, ಐದೂವರೆಗೆ (ಮನೆ ಎಂದರೆ ಹಾರ್ಮೋನಿಯಂನ ಬಿಳಿ ಕೀಗಳ ಎಣಿಕೆ: ಒಂದು ಎಂದರೆ ಸಿ, ಐದು ಎಂದರೆ ಜಿ). ರಾಗ ಸಂಯೋಜಕ ಗಂಡಸಾಗಿದ್ದರೆ ಹಾರ್ಮೋನಿಯಂ ಹಿಡಿದು ತನ್ನ ಶ್ರುತಿಯಲ್ಲೇ ಟ್ಯೂನ್ ಮಾಡುತ್ತಾನೆ. ರೆಕಾರ್ಡಿಂಗ್ ದಿನ ಹೆಣ್ಣುಮಕ್ಕಳಿಗೆ ಕೆಳಗಿನ ಸ್ಥಾಯಿಯಲ್ಲಿ ದನಿ ಹೊರಡುವುದಿಲ್ಲ, ಮೇಲಿನ ಸ್ಥಾಯಿಯಲ್ಲಿ ಕಿರುಚಬೇಕಾಗುತ್ತದೆ. ‘ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ’ ಎಂಬ ಮಾತು ಕೇಳಿಬಂತೆಂದರೆ ಹಾಡು ಕೆಟ್ಟಿತೆಂದೇ ಲೆಕ್ಕ.

ಪರಿಹಾರ ಸರಳ. ಪಲ್ಲವಿ ಒಂದು ಸ್ಥಾಯಿಯೊಳಗೇ ಓಡಾಡಲಿ. ಕೀಬೋರ್ಡಿನ ಮಧ್ಯದ ಸಿಗಿಂತ ಒಂದು ಸ್ಥಾಯಿ ಕೆಳಗಿನ ಸಿ ಇಂದ ಮಧ್ಯದ ಸಿ ವರೆಗಿನ ಜಾಗ ಗಂಡಸರಿಗೂ, ಅದರ ಮೇಲಿನ ಸ್ಥಾಯಿ ಹೆಂಗಸರಿಗೂ ಮಕ್ಕಳಿಗೂ ಆರಾಮವಾಗಿ ಕೂರುತ್ತದೆ. ಹಾಗಾಗಿ ನಿಮ್ಮ ಪಲ್ಲವಿ ಮಧ್ಯ ಷಡ್ಜದಿಂದ (ನಡುವಿನ ‘ಸ’) ತಾರ ಷಡ್ಜದವರೆಗೆ (ಮೇಲಿನ ‘ಸ’) ಹೋಗುವುದಾದರೆ ಒಂದನೇ ಮನೆ ಶ್ರುತಿ ಇಟ್ಟುಕೊಳ್ಳಿ. ಮಂದ್ರ ಪಂಚಮದಿಂದ (ಕೆಳಗಿನ ‘ಪ’) ಮಧ್ಯ ಪಂಚಮದವರೆಗಿನ (ನಡುವಿನ ‘ಪ’) ಟ್ಯೂನ್ ಆದರೆ ನಾಲ್ಕನೇ ಮನೆ. ಎರಡರಲ್ಲೂ ಗಂಟಲಿಗೆ ಬೀಳುವ ಕೆಲಸ ಒಂದೇ. ಗಂಡಸರು, ಹೆಂಗಸರು ತಂತಮ್ಮ ಸ್ಥಾಯಿಯಲ್ಲಿ ಅದೇ ಸ್ವರ ಹಿಡಿದರೆ ಅದೇ ಕೋರಸ್. ಎರಡು, ಮೂರು ಸ್ವರಗಳ ಹಾರ್ಮನಿ ಹೆಣೆಯುವ ಉತ್ಸಾಹವನ್ನು ಕೊನೆಯ ಪಲ್ಲವಿಗೆ ಕಾದಿರಿಸಿ, ಅದನ್ನೂ ನುರಿತ ನಾಲ್ಕು ಜನರಿಗೆ ಮಾತ್ರ ಕೊಡಿ.

ರಾಗ ಯಾವುದು ಎಂದು ಕೇಳುವವರಿಗೆ: ಮೋಹನದಷ್ಟು ಸುರಕ್ಷಿತ ಇನ್ನೊಂದಿಲ್ಲ. ಐದೇ ಸ್ವರ, ಪಕ್ಕಪಕ್ಕದ ಸ್ವರಗಳ ನಡುವೆ ಜಾರಿಬೀಳುವಷ್ಟು ಕಿರಿದಾದ ಸಂದಿಯಿಲ್ಲ, ಗಿಟಾರಿನವರಿಗೂ ಸಲೀಸು. ಶಂಕರಾಭರಣವೂ ಆಗುತ್ತದೆ. ಸಂಗೀತ ಕಲಿಯದವರ ಕೈಗೆ ಗಮಕ, ಅಂದರೆ ಸ್ವರವನ್ನು ಅಲುಗಿಸಿ ಹಾಡುವುದನ್ನು, ಬೇಡುವ ರಾಗ ಕೊಡಬೇಡಿ. ಕಲಿತವರು ಚರಣದಲ್ಲಿ ತಮ್ಮ ಸಾಲಿಗೆ ಬೇಕಾದಷ್ಟು ಗಮಕ ಹಾಕಿಕೊಳ್ಳಲಿ.

ಕೊನೆಯಲ್ಲಿ ಹಾಡು ಮೇಲೇರಬೇಕು ಎಂದರೆ ಹಳೆಯ ಉಪಾಯವೊಂದಿದೆ. ‘ವಿ ಆರ್ ದ ವರ್ಲ್ಡ್’ ಇ ಶ್ರುತಿಯಲ್ಲಿ ಸಾಗಿ, ಕೊನೆಯ ಭಾಗದಲ್ಲಿ ಅರ್ಧ ಸ್ವರ ಏರಿ ಎಫ್‌ಗೆ ಹೋಗುತ್ತದೆ. ಹೊಸ ಸಾಲು, ಹೊಸ ವಾದ್ಯ ಏನೂ ಇಲ್ಲದೆ ಮೈ ಜುಮ್ಮೆನ್ನುವುದು ಆ ಅರ್ಧ ಸ್ವರದಿಂದ. ಅದನ್ನು ಮಾಡುವವರು ಮೊದಲೇ ಆ ಏರಿಕೆಗೆ ಜಾಗ ಬಿಟ್ಟು ಶ್ರುತಿ ಗೊತ್ತು ಮಾಡಿ. ಒಮ್ಮೆ ಏರಿದರೆ ಸಾಕು, ಎರಡನೆಯ ಸಲ ಏರಿದರೆ ನಾಟಕ ಎನಿಸುತ್ತದೆ.

ಟ್ರ್ಯಾಕ್ ಮತ್ತು ಮಾದರಿ ದನಿ

ತಾಳ ತಪ್ಪದಂತೆ ಕಿವಿಯಲ್ಲಿ ಟಿಕ್ ಟಿಕ್ ಎನ್ನುವ ಕ್ಲಿಕ್ ಇಟ್ಟು ವಾದ್ಯಗಳ ಟ್ರ್ಯಾಕ್ ಮಾಡಿ. ನಿಮಿಷಕ್ಕೆ 70ರಿಂದ 90 ಬೀಟ್ ಇಂಥ ಹಾಡಿಗೆ ಹದ. ಅದಕ್ಕಿಂತ ವೇಗವಾದರೆ ದೊಡ್ಡ ಕೋರಸ್ ಎಡವುತ್ತದೆ. ಆಮೇಲೆ ಟ್ರ್ಯಾಕ್ ಹಾಡುವವರು ಇಬ್ಬರು ಬೇಕು, ಗಂಡುದನಿ ಒಂದು, ಹೆಣ್ಣುದನಿ ಒಂದು. ಇಬ್ಬರೂ ಇಡೀ ಹಾಡನ್ನು ಅಲಂಕಾರ ಇಲ್ಲದೆ, ಉಸಿರು ಎಲ್ಲಿ ತೆಗೆಯಬೇಕೋ ಅಲ್ಲೇ ತೆಗೆದು ಹಾಡಲಿ. ಇವರು ಸಂಗತಿ (ಸಾಲನ್ನು ತಿರುವಿ ಬೇರೆ ಬೇರೆ ಬಗೆಯಲ್ಲಿ ಹಾಡುವುದು) ಹಾಕಿದರೆ ಕೇಳಿ ಕಲಿಯುವ ಮೂವತ್ತು ಜನ ಮೂವತ್ತು ಥರ ಸಂಗತಿ ಹಾಕುತ್ತಾರೆ.

ಹಾಡಿನ ಉದ್ದ? ‘ವಿ ಆರ್ ದ ವರ್ಲ್ಡ್’ ಪೂರ್ತಿ ರೂಪದಲ್ಲಿ ಏಳು ನಿಮಿಷದ ಹಾಡು, ಅದರಲ್ಲಿ ಇಪ್ಪತ್ತೊಂದು ಜನರಿಗೆ ಒಂಟಿ ಸಾಲುಗಳಿದ್ದವು. ನಿಮಗೆ ಅಷ್ಟು ಸಮಯ ಯಾರೂ ಕೊಡುವುದಿಲ್ಲ. ನಾಲ್ಕು ನಿಮಿಷದೊಳಗೆ ಮುಗಿಸಿ. ನಾಲ್ಕು ನಿಮಿಷದಲ್ಲಿ ಹತ್ತು, ಹನ್ನೆರಡು ಒಂಟಿ ದನಿಗಳಿಗೆ ಮರ್ಯಾದೆಯಾಗಿ ಜಾಗ ಸಿಗುತ್ತದೆ. ಮಿಕ್ಕವರೆಲ್ಲ ಕೋರಸ್.

ಸಾಲು ಹಂಚುವುದು

ಈ ಕೆಲಸವನ್ನು ಒಬ್ಬರಿಗೇ ವಹಿಸಿ. ಸಮಿತಿ ಬೇಡ. ಅಂದಿನ ಹಾಡಿಗೆ ಟಾಮ್ ಬಾಲರ್ ಎಂಬ ಗಾಯನ ಸಂಯೋಜಕರು ಕ್ವಿನ್ಸಿ ಜೋನ್ಸ್ ಜೊತೆ ಕೂತು ಇದನ್ನೇ ಮಾಡಿದರು: ಒಬ್ಬೊಬ್ಬರ ದನಿಯ ಸ್ವಭಾವ ನೋಡಿ ಒಂದೊಂದು ಸಾಲಿಗೆ ಹೊಂದಿಸುವುದು.

ಅದನ್ನು ಮೊದಲ ಚರಣದಲ್ಲೇ ಕೇಳಬಹುದು. ಶುರುವಿಗೆ ಲಯನೆಲ್ ರಿಚಿ, ಮಾತಾಡಿದಂಥ ದನಿ. ಅವರ ಜೊತೆ ಸೇರಿಕೊಂಡು ಸ್ಟೀವಿ ವಂಡರ್. ಆಮೇಲೆ ಪಾಲ್ ಸೈಮನ್ ತೆಳುವಾಗಿ, ಮೆಲ್ಲಗೆ. ಅದರ ಬೆನ್ನಿಗೆ ಕೆನ್ನಿ ರಾಜರ್ಸ್‌ರ ಗೊಗ್ಗರು. ಜೇಮ್ಸ್ ಇಂಗ್ರಾಮ್ ಸ್ವಲ್ಪ ಏರಿಸುತ್ತಾರೆ, ಟೀನಾ ಟರ್ನರ್ ಒಳಗಿಂದ ಒತ್ತಿ ಹೇಳುತ್ತಾರೆ, ಬಿಲ್ಲಿ ಜೋಯಲ್ ಪಲ್ಲವಿಯ ಹೊಸ್ತಿಲಿಗೆ ತಂದು ಬಿಡುತ್ತಾರೆ. ಪಲ್ಲವಿ ಎತ್ತುವವರು ಮೈಕಲ್ ಜಾಕ್ಸನ್, ಅವರಿಂದ ಈಸಿಕೊಳ್ಳುವವರು ಡಯಾನಾ ರಾಸ್; ಎರಡೂ ಒಂದೇ ನೂಲಿನಂಥ ನಯದ ದನಿ, ಒಬ್ಬರಿಂದ ಇನ್ನೊಬ್ಬರಿಗೆ ದಾಟಿದ್ದೇ ಗೊತ್ತಾಗುವುದಿಲ್ಲ. ಚರಣದಲ್ಲಿ ದನಿ ದನಿಗೂ ವ್ಯತ್ಯಾಸ, ಪಲ್ಲವಿಯಲ್ಲಿ ಹೊಂದಿಕೆ. ಈ ಒಂದು ಸೂತ್ರ ಹಿಡಿದರೆ ಸಾಕು.

ನಿಮ್ಮ ತಂಡಕ್ಕೆ ಹೀಗೆ ಮಾಡಿ: ದೊಡ್ಡ ಹಾಳೆಯಲ್ಲಿ ಎಡಗಡೆ ಸಾಲುಗಳನ್ನು ಬರೆಯಿರಿ. ಪ್ರತಿಯೊಬ್ಬರಿಂದ ಒಂದು ನಿಮಿಷದ ಮಾದರಿ ಹಾಡು ತರಿಸಿಕೊಳ್ಳಿ, ಹೆಸರು ನೋಡದೆ ಕೇಳಿ, ಪಕ್ಕದಲ್ಲಿ ಒಂದೊಂದು ಪದ ಟಿಪ್ಪಣಿ ಮಾಡಿ: ಕಂಚು, ಜೇನು, ಉಸಿರುದನಿ, ಜಾನಪದ, ಮಗು. ಒಂದು ಸಾಲಿನ ಪಕ್ಕ ಅದೇ ಜಾತಿಯ ದನಿ ಬರದಂತೆ ಜೋಡಿಸಿ. ಗೀಗೀ ಪದದ ದನಿಯವರಿಗೆ ಭಾವಗೀತೆಯ ಸಾಲು ಕೊಟ್ಟು ಅವರನ್ನು ಪಳಗಿಸಲು ಹೋಗಬೇಡಿ. ಎತ್ತರದ, ಕೂಗಿ ಕರೆಯುವ ಸಾಲು ಅವರದ್ದು. ಬಹಳ ಚೆನ್ನಾಗಿ ಹಾಡುವವರಿಗೆ ಅತಿ ಸರಳ ಸಾಲು ಕೊಡಿ. ಅವರ ಬಾಯಲ್ಲಿ ಅದು ಬೆಳೆಯುತ್ತದೆ. ಕಷ್ಟದ ಸಾಲು ಯಾರಿಗೂ ಇರಬಾರದು, ಇದ್ದರೆ ಅದು ಟ್ಯೂನಿನ ತಪ್ಪು.

ಸಾಲು ಸಿಗದವರ ಮುನಿಸಿಗೆ ಮದ್ದು ಒಂದೇ, ಮೊದಲೇ ಹೇಳಿಬಿಡುವುದು. ಕ್ವಿನ್ಸಿ ಜೋನ್ಸ್ ಬಾಗಿಲ ಬಳಿ ಫಲಕ ಹಾಕಿಸಿದ್ದರು: ನಿಮ್ಮ ಅಹಂ ಹೊರಗೇ ಬಿಟ್ಟು ಬನ್ನಿ ಎಂದು. ಒಂಟಿ ಸಾಲು ಸಿಗದ ಹ್ಯಾರಿ ಬೆಲಫಾಂಟೆ ಅಂದು ಕೋರಸ್‌ನಲ್ಲಿ ನಿಂತು ಹಾಡಿದರು; ಇಂಥದ್ದೊಂದು ಕೆಲಸ ಆಗಬೇಕೆಂದು ಮೊದಲು ಎತ್ತಿದವರೇ ಅವರು. ಇದನ್ನು ನಿಮ್ಮ ಅಧ್ಯಕ್ಷರಿಗೆ ಹೇಳಿ ನೋಡಿ. ಹಾಡು ಬಾರದ ಗಣ್ಯರಿಗೂ ಕೋರಸ್‌ನ ಹಿಂದಿನ ಸಾಲಿನಲ್ಲಿ ಜಾಗ ಇದೆ. ಹಾಸ್ಯನಟ ಡ್ಯಾನ್ ಐಕ್ರಾಯ್ಡ್ ಕೂಡ ಅಂದು ಆ ಗುಂಪಿನಲ್ಲಿದ್ದರು.

ರೆಕಾರ್ಡಿಂಗ್ ದಿನ

ಮೊದಲು ಕೋರಸ್, ಆಮೇಲೆ ಒಂಟಿ ಸಾಲುಗಳು. ಕೋರಸ್ ಹಾಡುತ್ತಾ ಎಲ್ಲರ ಗಂಟಲು ಬಿಸಿಯಾಗುತ್ತದೆ, ಭಯ ಹೋಗುತ್ತದೆ, ಬರೀ ಕೋರಸ್‌ಗೆ ಬಂದವರನ್ನು ಊಟ ಹಾಕಿ ಮನೆಗೆ ಕಳಿಸಬಹುದು. 1985ರಲ್ಲೂ ಅದೇ ಕ್ರಮ.

ಬರುವವರಿಗೆ ಉಡುಪಿನ ಬಗ್ಗೆ ಮುಂಚೆಯೇ ತಿಳಿಸಿ. ಅಂದು ಸಿಂಡಿ ಲಾಪರ್ ಹಾಡುವಾಗ ಏನೋ ಕಿಣಿಕಿಣಿ ಎಂಬ ಸದ್ದು ಮೈಕಿಗೆ ಬೀಳುತ್ತಿತ್ತು. ಎಲ್ಲಿಂದ ಎಂದು ಹುಡುಕಿದರೆ ಅವರ ಮೈಮೇಲಿನ ಸರಗಳೇ! ಕಳಚಿಟ್ಟ ಮೇಲೆ ಟೇಕ್ ಸರಿಯಾಯಿತು. ನಮ್ಮಲ್ಲಿ ವಿಡಿಯೋ ಕೂಡ ಅಂದೇ ತೆಗೆಯುವುದರಿಂದ ಹೆಂಗಸರು ಗಾಜಿನ ಬಳೆ, ಜುಮುಕಿ, ಗರಿಗರಿ ರೇಷ್ಮೆ ಸೀರೆಯಲ್ಲಿ ಬರುತ್ತಾರೆ, ಗಂಡಸರು ಕೀ ಗೊಂಚಲು ಜೇಬಿನಲ್ಲಿಟ್ಟುಕೊಂಡು ತಾಳ ಹಾಕುತ್ತಾರೆ. ಧ್ವನಿಮುದ್ರಣ ಹತ್ತಿಬಟ್ಟೆಯಲ್ಲಿ, ಬರಿಗೈಯಲ್ಲಿ. ಆಮೇಲೆ ಅಲಂಕಾರ ಮಾಡಿಕೊಂಡು ಅದೇ ಹಾಡಿಗೆ ಬಾಯಾಡಿಸಿ ವಿಡಿಯೋ. ಇದನ್ನು ಬಿಟ್ಟು ಬೇರೆ ದಾರಿ ಇಲ್ಲ.

ಕೋರಸ್‌ಗೆ ಹನ್ನೆರಡು ಜನ ಇದ್ದರೂ ಸಾಕು. ಅರ್ಧಚಂದ್ರಾಕಾರವಾಗಿ ನಿಲ್ಲಿಸಿ, ಮೈಕುಗಳನ್ನು ಒಂದೂವರೆ ಎರಡು ಮೀಟರ್ ದೂರದಲ್ಲಿಡಿ. ಒಮ್ಮೆ ಹಾಡಿಸಿ, ಜಾಗ ಅದಲುಬದಲು ಮಾಡಿ ಇನ್ನೊಮ್ಮೆ, ಮತ್ತೊಮ್ಮೆ. ಮೂರನ್ನೂ ಸೇರಿಸಿದರೆ ಮೂವತ್ತಾರು ದನಿ. ಜೋರು ದನಿಯವರು ಹಿಂದೆ, ಶ್ರುತಿ ಗಟ್ಟಿಯಿರುವವರು ಮಧ್ಯೆ. ಶ್ರುತಿ ಸೇರದವರನ್ನು ಎಲ್ಲರೆದುರು ಹೆಸರು ಹಿಡಿದು ತಿದ್ದಬೇಡಿ, ಗಟ್ಟಿ ದನಿಯೊಬ್ಬರ ಪಕ್ಕಕ್ಕೆ ಸರಿಸಿ. ಹೆಡ್‌ಫೋನ್ ಒಂದು ಕಿವಿಗೆ ಮಾತ್ರ, ಇನ್ನೊಂದು ಕಿವಿ ಪಕ್ಕದವರ ದನಿಗೆ. ನೆಲದ ಮೇಲೆ ಹೆಸರಿನ ಟೇಪ್ ಅಂಟಿಸುವುದನ್ನು ಸಣ್ಣ ತಂಡವೂ ಮಾಡಬೇಕು. ‘ನಾನೆಲ್ಲಿ ನಿಲ್ಲಲಿ’ ಎಂಬ ಪ್ರಶ್ನೆಯಲ್ಲೇ ಅರ್ಧ ಗಂಟೆ ಹೋಗುತ್ತದೆ, ಅದರಲ್ಲಿ ಯಾರು ಯಾರ ಪಕ್ಕ ಎಂಬ ರಾಜಕೀಯವೂ ಇರುತ್ತದೆ.

ಒಂಟಿ ಸಾಲಿನಲ್ಲಿ ಯಾರಾದರೂ ತಡವರಿಸಿದರೆ ಬಾಬ್ ಡಿಲನ್‌ರನ್ನು ನೆನೆಯಿರಿ. ಅಷ್ಟು ಜನರ ನಡುವೆ ಅವರಿಗೆ ತಮ್ಮ ಸಾಲು ಹೇಗೆ ಹಾಡುವುದೆಂದೇ ತೋಚಲಿಲ್ಲ. ಕೋಣೆಯಿಂದ ಜನರನ್ನು ಆಚೆ ಕಳಿಸಿದರು. ಸ್ಟೀವಿ ವಂಡರ್ ಪಿಯಾನೊ ಮುಂದೆ ಕೂತು, ಡಿಲನ್‌ರ ದನಿಯನ್ನೇ ಅನುಕರಿಸಿ, ನೀವು ಹಾಡಿದರೆ ಹೀಗಿರುತ್ತದೆ ಎಂದು ಅವರಿಗೇ ಹಾಡಿ ತೋರಿಸಿದರು. ಆಮೇಲೆ ಸಾಲು ಬಂತು. ಜನ ಖಾಲಿ ಮಾಡಿಸಿ, ಅವರ ಶೈಲಿಯಲ್ಲೇ ಹಾಡಿ ತೋರಿಸಿ. ‘ಫೀಲ್ ಕೊಡಿ ಸಾರ್’ ಎಂದು ಗಾಜಿನ ಆಚೆಯಿಂದ ಹೇಳುವುದರಿಂದ ಏನೂ ಆಗುವುದಿಲ್ಲ. ಒಬ್ಬೊಬ್ಬರಿಗೆ ನಾಲ್ಕೈದು ಟೇಕ್ ಸಾಕು, ಆಮೇಲೆ ದನಿ ದಣಿಯುತ್ತದೆ.

ಬಿಸಿನೀರು ಇಡಿ. ಬೋಂಡಾ, ಬಜ್ಜಿ ಕೊನೆಗೆ.

ದೂರದೂರುಗಳಲ್ಲಿ ಇರುವವರು

ಸಿಂಗಾಪುರದ ಒಬ್ಬರು, ಶಿಕಾಗೋದ ಒಬ್ಬರು, ಶಿರಸಿಯ ಒಬ್ಬರು ಝೂಮ್‌ನಲ್ಲಿ ಒಟ್ಟಿಗೆ ಹಾಡಲು ಸಾಧ್ಯವಿಲ್ಲ. ದನಿ ತಲುಪುವ ವಿಳಂಬದಲ್ಲಿ ತಾಳ ಉಳಿಯುವುದಿಲ್ಲ. ಒಬ್ಬೊಬ್ಬರೇ ಮನೆಯಲ್ಲಿ ಹಾಡಿ ಕಳಿಸಬೇಕು. ಅವರಿಗೆ ಕಳಿಸುವ ಸೂಚನೆ ಹೀಗಿರಲಿ:

“ನಮಸ್ಕಾರ ಅಕ್ಕಾ, ನಿಮ್ಮ ಸಾಲು ಎರಡನೇ ಚರಣದ ಮೂರನೆಯದು, ಕೋರಸ್ ಪೂರ್ತಿ. ಟ್ರ್ಯಾಕ್ ಎರಡು ಕಳಿಸಿದ್ದೇನೆ: ಒಂದರಲ್ಲಿ ಮಾದರಿ ದನಿ ಇದೆ, ಅದು ಕಲಿಯೋಕೆ; ಇನ್ನೊಂದು ಬರೀ ವಾದ್ಯ ಮತ್ತು ಕ್ಲಿಕ್, ಅದು ಹಾಡೋಕೆ. ದಯವಿಟ್ಟು ವೈರ್ ಇರುವ ಇಯರ್‌ಫೋನ್ ಹಾಕಿಕೊಳ್ಳಿ, ಬ್ಲೂಟೂತ್ ಬೇಡ. ಟ್ರ್ಯಾಕ್ ಸ್ಪೀಕರಲ್ಲಿ ಕೇಳಬಾರದು, ನಿಮ್ಮ ದನಿ ಮಾತ್ರ ರೆಕಾರ್ಡ್ ಆಗಬೇಕು. ಬಟ್ಟೆ ತುಂಬಿದ ಕೋಣೆ, ಫ್ಯಾನ್ ಆಫ್. ಫೋನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ. ಶುರುವಿನ ನಾಲ್ಕು ಕ್ಲಿಕ್‌ಗೆ ಚಪ್ಪಾಳೆ ತಟ್ಟಿ, ಆಮೇಲೆ ಹಾಡಿ. ಮೂರು ಟೇಕ್ ಸಾಕು. ತಪ್ಪಾದರೂ ಅಳಿಸಬೇಡಿ, ಎಡಿಟ್ ಮಾಡಬೇಡಿ. ಫೈಲನ್ನು ಡ್ರೈವ್‌ಗೆ ಹಾಕಿ, ಅಥವಾ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಆಡಿಯೋ ಮೆಸೇಜ್ ಆಗಿ ಬೇಡ.”

ಆ ಚಪ್ಪಾಳೆಯೇ ಮಿಕ್ಸಿಂಗ್ ಮಾಡುವವರಿಗೆ ದೇವರು. ಅದನ್ನು ಕ್ಲಿಕ್‌ಗೆ ಕೂರಿಸಿದರೆ ಇಡೀ ಟೇಕ್ ತಾನಾಗಿ ಕೂರುತ್ತದೆ. ಬ್ಲೂಟೂತ್ ಬೇಡ ಎನ್ನುವುದೂ ಅದಕ್ಕೇ. ಅದರಲ್ಲಿ ಹಾಡು ಕಿವಿಗೆ ತಡವಾಗಿ ಬೀಳುತ್ತದೆ, ಹಾಡುವವರು ಅಷ್ಟೇ ತಡವಾಗಿ ಎತ್ತುತ್ತಾರೆ. ಹೊರದೇಶದಲ್ಲಿ ಬೆಳೆದ ಮಕ್ಕಳಿಗೆ ‘ಳ’ ‘ಲ’ ಒಂದೇ ಆಗಿರುತ್ತದೆ. ಅವರ ಸಾಲನ್ನು ಮೊದಲು ಓದಿಸಿ, ಅಜ್ಜಿಯೊಬ್ಬರು ವಿಡಿಯೋ ಕಾಲ್‌ನಲ್ಲಿ ತಿದ್ದಿದರೆ ಇನ್ನೂ ಚೆನ್ನ.

ಮಿಕ್ಸಿಂಗ್

ಇದನ್ನು ಬಲ್ಲವರಿಗೆ ಬಿಡಿ, ನಾಲ್ಕು ಮಾತು ಮಾತ್ರ ಅವರಿಗೆ ಹೇಳಿ. ಬೇರೆ ಬೇರೆ ಕೋಣೆಯ ದನಿಗಳೆಲ್ಲ ಒಂದೇ ರಿವರ್ಬ್‌ನಲ್ಲಿ (ಕೋಣೆಯ ಮಾರ್ದನಿಯಂಥ ಎಫೆಕ್ಟ್) ನೆನೆಯಲಿ, ಆಗ ಒಂದೇ ಜಾಗದಲ್ಲಿ ನಿಂತಂತೆ ಕೇಳುತ್ತದೆ. ಕೋರಸ್‌ನ ಪ್ರತಿ ದನಿಗೂ ಪಿಚ್ ತಿದ್ದುವ ಸಾಫ್ಟ್‌ವೇರ್ ಗಟ್ಟಿಯಾಗಿ ಬಳಸಬೇಡಿ: ಸಣ್ಣ ಸಣ್ಣ ವ್ಯತ್ಯಾಸ ಹೋದರೆ ಮೂವತ್ತು ಜನ ಒಬ್ಬರಾಗಿ ಕೇಳುತ್ತಾರೆ, ಗುಂಪಿನ ಮೈ ಕರಗುತ್ತದೆ. ಕೋರಸ್‌ನಲ್ಲಿ ‘ಸ’, ‘ಶ’ಗಳು ಚೆಲ್ಲಾಪಿಲ್ಲಿಯಾದರೆ ಒಬ್ಬರದ್ದು ಮಾತ್ರ ಉಳಿಸಿ, ಮಿಕ್ಕವರದ್ದು ತಗ್ಗಿಸಲಿ. ಆನ್‌ಲೈನ್‌ಗೆ ಹೋಗುವ ಪ್ರತಿಯ ಸದ್ದು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಮಾನ) ಆಸುಪಾಸಿನಲ್ಲಿರಲಿ. ಅದಕ್ಕಿಂತ ಜೋರು ಮಾಡಿದರೂ ಸ್ಪಾಟಿಫೈಯಂಥ ತಾಣಗಳು ತಗ್ಗಿಸಿಯೇ ಕೇಳಿಸುತ್ತವೆ.

ಹಕ್ಕು, ಹಣ, ಹೆಸರು

ಸ್ವಂತ ಸಾಹಿತ್ಯ ಬಿಟ್ಟು ಯಾರದ್ದೋ ಕವಿತೆ ಎತ್ತಿಕೊಳ್ಳುವುದಾದರೆ ಲೆಕ್ಕ ನೋಡಿ. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ವಾರಸುದಾರರದ್ದು. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರ ಕವಿತೆ ಮುಕ್ತ. ಕುವೆಂಪು 1994ರಲ್ಲಿ ಹೋದವರು, ಅವರ ಪದ್ಯಕ್ಕೆ 2054 ಮುಗಿಯುವವರೆಗೆ ಅನುಮತಿ ಬೇಕು. ಬೇಂದ್ರೆ 1981, ಅಂದರೆ 2041ರವರೆಗೆ. ಬಸವಣ್ಣನ ವಚನ, ಪುರಂದರದಾಸರ ಪದಕ್ಕೆ ಯಾರ ಅಪ್ಪಣೆಯೂ ಬೇಡ, ಆದರೆ ಅದಕ್ಕೆ ಈಚಿನವರು ಹಾಕಿದ ಧಾಟಿ ಅವರದ್ದೇ ಸ್ವತ್ತು. ‘ಎಲ್ಲರೂ ಹಾಡ್ತಾರಲ್ಲ’ ಎಂಬುದು ಅನುಮತಿ ಪತ್ರವಲ್ಲ.

ಸ್ವಂತ ಹಾಡಾದರೆ ಸಾಹಿತಿ, ಸಂಯೋಜಕರು, ಹಾಡಿದವರು, ನುಡಿಸಿದವರು, ಎಲ್ಲರಿಂದಲೂ ಒಂದು ಪುಟದ ಒಪ್ಪಿಗೆ ಬರೆಸಿಕೊಳ್ಳಿ: ಮಾಲೀಕರು ಯಾರು, ಹಣ ಬಂದರೆ ಎಲ್ಲಿಗೆ, ಮುಂದೆ ಜಾಹೀರಾತಿನವರು ಕೇಳಿದರೆ ಯಾರು ಹೂಂ ಅನ್ನಬೇಕು. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ಸಾಹಿತಿ, ಸಂಯೋಜಕರಿಗೆ ರಾಯಧನದ ಪಾಲಿನ ಹಕ್ಕಿದೆ. ಅವರು ರಾಯಧನ ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿದ್ದರೆ ಹಾಡನ್ನು ಅಲ್ಲಿ ನೋಂದಾಯಿಸಲಿ. ಸ್ನೇಹದಲ್ಲಿ ಕಾಗದ ಯಾತಕ್ಕೆ ಅನ್ನುವವರೇ ಹಾಡು ಓಡಿದ ಮೇಲೆ ಮೊದಲು ಫೋನು ಮಾಡುವವರು.

ನೆರವಿಗೆ ಹಣ ಕೂಡಿಸುವುದಾದರೆ ಹಾಡು ಬಿಡುಗಡೆಯಾಗುವ ಮೊದಲೇ ಖಾತೆ ಸಿದ್ಧವಿರಬೇಕು. ‘ವಿ ಆರ್ ದ ವರ್ಲ್ಡ್’ ಹಿಂದೆ ‘ಯುಎಸ್ಎ ಫಾರ್ ಆಫ್ರಿಕಾ’ ಎಂಬ ಪ್ರತಿಷ್ಠಾನವೇ ನಿಂತಿತ್ತು, ಆರು ಕೋಟಿ ಡಾಲರಿಗೂ ಮಿಗಿಲಾಗಿ ಕೂಡಿಸಿತು. ಹೊರದೇಶದ ಕನ್ನಡ ಸಂಘಗಳು ಒಂದು ವಿಷಯ ಗಮನಿಸಬೇಕು: ಅಲ್ಲಿ ನೋಂದಣಿಯಾದ ಸಂಘ ಕರ್ನಾಟಕದ ಟ್ರಸ್ಟಿಗೆ ಹಣ ಕಳಿಸಿದರೆ ಅದು ವಿದೇಶಿ ದೇಣಿಗೆ, ಪಡೆಯುವ ಟ್ರಸ್ಟಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲವೇ ಮುಂಗಡ ಅನುಮತಿ ಇರಲೇಬೇಕು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದಕ್ಕೆ ಈ ಕಟ್ಟು ಇಲ್ಲ, ಅಲ್ಲಿನ ಪೌರತ್ವ ಪಡೆದವರಿಗೆ ಇದೆ. ಹಣ ಬಂದು ಕೂತ ಮೇಲೆ ಇದನ್ನು ಕಂಡುಕೊಳ್ಳುವುದು ಬೇಡ.

ವಿಡಿಯೋದ ಕೆಳಗೆ ಎಲ್ಲರ ಹೆಸರೂ ಇರಲಿ, ಅಕಾರಾದಿಯಲ್ಲಿ. ಕೋರಸ್‌ನ ಹಿಂದಿನ ಸಾಲಿನವರು, ತಬಲಾದವರು, ಮೈಕ್ ಕಟ್ಟಿದ ಹುಡುಗ, ಉಪ್ಪಿಟ್ಟು ಮಾಡಿಕೊಟ್ಟವರು.

ಬಿಡುಗಡೆಯ ದಿನವೇ ದನಿಯಿಲ್ಲದ ವಾದ್ಯದ ಟ್ರ್ಯಾಕನ್ನೂ ಸಾಹಿತ್ಯದ ಹಾಳೆಯನ್ನೂ ಉಚಿತವಾಗಿ ಹಾಕಿ. ಶಾಲೆಯವರು ಅದನ್ನೇ ಕೇಳುತ್ತಾರೆ. ಚಿಕ್ಕ ಮಕ್ಕಳಿಗಾಗಿ ಅದೇ ಟ್ರ್ಯಾಕನ್ನು ಎರಡು ಮನೆ ಏರಿಸಿದ ಇನ್ನೊಂದು ಪ್ರತಿ ಮಾಡಿ, ಕಡತದ ಹೆಸರಿನಲ್ಲೇ ಶ್ರುತಿ ಬರೆದಿಡಿ, ಮೇಷ್ಟ್ರು ಹುಡುಕಬೇಕಾಗಬಾರದು.